ಯೂರಿಯಾ ಹಾಕಿದರೂ ಪೈರು ಯಾಕೆ ಹಳದಿ?

2025ರ ಮುಂಗಾರಿನ ಯೂರಿಯಾ ಪಾಳಿಯನ್ನು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರು ಇನ್ನೂ ಮರೆತಿಲ್ಲ. ಆಧಾರ್ ಕಾರ್ಡ್ ಹಿಡಿದು ಸೊಸೈಟಿ ಮುಂದೆ ನಸುಕಿನಲ್ಲೇ ನಿಲ್ಲಬೇಕು. ಮಧ್ಯಾಹ್ನದ ಹೊತ್ತಿಗೆ ಸ್ಟಾಕ್ ಖಾಲಿ ಅಂತ ಕೇಳಿಸಿಕೊಂಡು ಬರಿಗೈಯಲ್ಲಿ ಊರಿಗೆ ಬರಬೇಕು. ಆ ಸಿಟ್ಟು ನ್ಯಾಯವಾದದ್ದೇ. ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಸಾರಜನಕ ಸಿಗದೇ ಹೋದರೆ, ಒಂದು ತಿಂಗಳು ಬಿಟ್ಟು ಎಷ್ಟು ಹಾಕಿದರೂ ಕಳೆದುಹೋದ ಇಳುವರಿ ವಾಪಸ್ ಬರುವುದಿಲ್ಲ.

ಆದರೆ ಚೀಲ ಸಿಕ್ಕವರ ಹೊಲದಲ್ಲಿ ಏನಾಗುತ್ತಿದೆ ಅನ್ನುವುದನ್ನೂ ನೋಡಬೇಕಲ್ವಾ? ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ನೆಲ್ಲು ಹಚ್ಚಿದ ಎರಡು-ಮೂರು ವಾರಕ್ಕೆ ಪೈರು ಹಳದಿಯಾಗುವುದು, ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬೀಳುವುದು ಹೊಸದೇನಲ್ಲ. ತಕ್ಷಣ ಇನ್ನೊಂದು ಚೀಲ ಯೂರಿಯಾ ಬೀಳುತ್ತದೆ. ಕೆಲವು ಸಲ ಪೈರು ಹಸಿರಾಗುತ್ತದೆ. ಬಹಳ ಸಲ ಆಗುವುದಿಲ್ಲ. ಮಳೆ ನಿಂತ ಮರುದಿನ ಎರೆ (ಕಪ್ಪು ಮಣ್ಣಿನ) ಹೊಲದ ಹತ್ತಿ, ತೊಗರಿ ಕೂಡ ಹೀಗೇ ಬಣ್ಣಗೆಡುತ್ತವೆ. ಅಲ್ಲೂ ಅದೇ ಔಷಧ, ಯೂರಿಯಾ.

ನಾವು ಗೊಬ್ಬರದ ಬಗ್ಗೆ ಮಾತಾಡುವುದೆಲ್ಲ ಚೀಲದ ಲೆಕ್ಕದಲ್ಲಿ. ಎಷ್ಟು ಟನ್ ಬಂತು, ಎಷ್ಟು ಬರಲಿಲ್ಲ, ಯಾರು ತಡೆದರು. ಪೈರಿಗೆ ದಕ್ಕುವುದು ಮಾತ್ರ ಬೇರು ಒಳಗೆ ಬಿಟ್ಟುಕೊಂಡಷ್ಟೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೇರಿಗೆ ಉಸಿರು ಕಟ್ಟಿದೆ, ಉಪ್ಪು ಮೆತ್ತಿದೆ, ಸುಣ್ಣದ ಮಣ್ಣಿನಲ್ಲಿ ಜಿಂಕು, ಕಬ್ಬಿಣ ಸಿಕ್ಕಿಹಾಕಿಕೊಂಡಿವೆ. ಇದನ್ನು ಬಿಡಿಸದೆ ಚೀಲ ಜಾಸ್ತಿ ಮಾಡಿದರೆ ದುಡ್ಡು ಹೋಗುತ್ತದೆ, ಮಣ್ಣೂ ಹೋಗುತ್ತದೆ. ಇದು ಯಾಕೆ ಅಂತ ತಿಳಿಯಬೇಕಾದರೆ ಬೇರು ಉಣ್ಣುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮಣ್ಣಿನಿಂದ ಬರುವುದು ಸ್ವಲ್ಪವೇ

ಸುಮಾರು 400 ವರ್ಷದ ಹಿಂದೆ ಬ್ರಸೆಲ್ಸ್‌ನ ವ್ಯಾನ್ ಹೆಲ್ಮಾಂಟ್ ಎಂಬ ವಿದ್ವಾಂಸ ಒಂದು ಕುಂಡದಲ್ಲಿ ಸುಮಾರು 90 ಕಿಲೋ ಒಣ ಮಣ್ಣು ತೂಗಿ ಹಾಕಿ, ಅದರಲ್ಲಿ ವಿಲೋ ಸಸಿ ನೆಟ್ಟ. 5 ವರ್ಷ ಬರೀ ನೀರು ಹಾಕಿದ. ಮರ 75 ಕಿಲೋ ದಾಟಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದು 57 ಗ್ರಾಂನಷ್ಟು. ಮರವೆಲ್ಲ ನೀರಿನಿಂದಲೇ ಆಯಿತು ಅಂದುಕೊಂಡ ಆತ. ಅವನ ಕಾಲಕ್ಕೆ ಗಾಳಿಯಲ್ಲಿರುವ ಇಂಗಾಲದ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಒಣಗಿಸಿದ ಗಿಡದ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ಇಂಗಾಲ, ಜಲಜನಕ, ಆಮ್ಲಜನಕ. ಇವು ಗಾಳಿ ಮತ್ತು ನೀರಿನಿಂದ ಬಂದವು.

ಆದರೆ ಆ 57 ಗ್ರಾಂ ಇಲ್ಲದಿದ್ದರೆ ಮರವೇ ಇಲ್ಲ. ಗಿಡಕ್ಕೆ ಬೇಕೇ ಬೇಕಾದ ಮೂಲವಸ್ತುಗಳು 17. ಅದರಲ್ಲಿ 14 ಮಣ್ಣಿನಿಂದ ಬರಬೇಕು. ಸಾರಜನಕ, ರಂಜಕ, ಪೊಟ್ಯಾಷ್ ಜಾಸ್ತಿ ಬೇಕು. ಜಿಂಕು, ಬೋರಾನ್, ತಾಮ್ರದಂಥವು ಚಿಟಿಕೆಗಿಂತ ಕಡಿಮೆ. ನೆಲ್ಲಿನ ಒಂದು ಕಿಲೋ ಒಣ ಎಲೆಯಲ್ಲಿ 20 ಮಿಲಿಗ್ರಾಂ ಜಿಂಕಿದ್ದರೆ ಹೆಚ್ಚುಕಡಿಮೆ ಸಾಕು. ಆದರೆ ಆ 20 ಮಿಲಿಗ್ರಾಂ ಸಿಗದೇ ಇದ್ದಾಗ ಎಷ್ಟು ಯೂರಿಯಾ ಹಾಕಿದರೂ ಪೈರು ಮೇಲೇಳುವುದಿಲ್ಲ. ಎಲ್ಲಕ್ಕಿಂತ ಕೊರತೆ ಇರುವುದು ಯಾವುದೋ, ಅದೇ ಇಳುವರಿಯನ್ನು ತಡೆದು ನಿಲ್ಲಿಸುತ್ತದೆ.

ಬೇರು ಉಣ್ಣುವ ಜಾಗ

ಇಡೀ ಬೇರು ಉಣ್ಣುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ದಪ್ಪಗೆ ಕಂದಾದ ಹಳೇ ಬೇರಿನ ಕೆಲಸ ಗಿಡವನ್ನು ಹಿಡಿದು ನಿಲ್ಲಿಸುವುದು, ಒಳಗಿನ ರಸ ಸಾಗಿಸುವುದು. ಹೀರುವ ಕೆಲಸ ಬಹುಪಾಲು ನಡೆಯುವುದು ಬಿಳಿ ಎಳೇ ಬೇರಿನ ತುದಿಯ ಹತ್ತಿರ. ತುದಿಯ ಸ್ವಲ್ಪ ಹಿಂದೆ ಕೂದಲಿನಂಥ ಬೇರುರೋಮಗಳಿರುತ್ತವೆ. ಒಂದೊಂದು ರೋಮವೂ ಒಂದೇ ಜೀವಕೋಶ ಹೊರಗೆ ಚಾಚಿದ್ದು. ಮಣ್ಣಿನ ಕಣಗಳ ಸಂದಿಯಲ್ಲಿ ನುಗ್ಗಿ, ಬೇರು ಮಣ್ಣನ್ನು ಮುಟ್ಟುವ ಜಾಗವನ್ನು ಅವು ಹಲವು ಪಟ್ಟು ಹೆಚ್ಚಿಸುತ್ತವೆ. ಅವುಗಳ ಆಯಸ್ಸು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಹಾಗಾಗಿ ಬೇರು ಬೆಳೆಯುತ್ತಲೇ ಇರಬೇಕು, ಹೊಸ ರೋಮ ಬಿಡುತ್ತಲೇ ಇರಬೇಕು. ಬೆಳೆಯುವುದು ನಿಂತಿತು ಅಂದರೆ ಉಣ್ಣುವುದೂ ನಿಂತಂತೆ.

ಮೆಣಸಿನಕಾಯಿ ಸಸಿ ಕಿತ್ತು ನೆಟ್ಟಾಗ ಒಂದು ವಾರ ಮಂಕಾಗುವುದು ಇದೇ ಕಾರಣಕ್ಕೆ. ಕೀಳುವಾಗ ಎಳೇ ತುದಿಗಳು ಹರಿದುಹೋಗಿರುತ್ತವೆ. ಆಗ ಮೇಲಿಂದ ಯೂರಿಯಾ ಚೆಲ್ಲಿದರೆ ಹೀರಿಕೊಳ್ಳುವ ಬಾಯೇ ಇರುವುದಿಲ್ಲ.

ಇನ್ನು, ಪೋಷಕಾಂಶ ಬೇರಿನ ಹತ್ತಿರ ಬರುವುದು ಹೇಗೆ? ಎಲೆಯಿಂದ ನೀರು ಆವಿಯಾದಂತೆ ಬೇರು ಮಣ್ಣಿನ ನೀರನ್ನು ಎಳೆದುಕೊಳ್ಳುತ್ತದೆ. ಅದರಲ್ಲಿ ಕರಗಿದ ನೈಟ್ರೇಟ್, ಗಂಧಕ, ಕ್ಯಾಲ್ಸಿಯಂ ಸುಮ್ನೆ ಹರಿದು ಬರುತ್ತವೆ. ರಂಜಕ ಹಾಗೆ ಬರುವುದಿಲ್ಲ. ಅದು ಮಣ್ಣಿಗೆ ಅಂಟಿಕೊಂಡೇ ಇರುತ್ತದೆ. ಇಡೀ ಹಂಗಾಮಿನಲ್ಲಿ ಕೆಲವು ಮಿಲಿಮೀಟರ್ ಸರಿದರೆ ಹೆಚ್ಚು. ಜಿಂಕಿನದೂ ಹತ್ತಿರ ಹತ್ತಿರ ಇದೇ ಕಥೆ. ಅದಕ್ಕೇ ಕೂರಿಗೆಯಲ್ಲಿ ಬಿತ್ತುವಾಗಲೇ ರಂಜಕದ ಗೊಬ್ಬರವಾದ ಡಿಎಪಿಯನ್ನು ಬೀಜದ ಪಕ್ಕ, ಸ್ವಲ್ಪ ಕೆಳಗೆ ಬೀಳಿಸಬೇಕು. ಬೆಳೆ ನಿಂತ ಮೇಲೆ ಸಾಲಿನ ಮೇಲೆ ಎರಚಿದ ಡಿಎಪಿಯಲ್ಲಿರುವ ರಂಜಕ ಆ ಬೆಳೆಗೆ ದಕ್ಕುವುದು ತೀರಾ ಕಡಿಮೆ. ಇಷ್ಟು ದುಬಾರಿ ಗೊಬ್ಬರವನ್ನು ಎರಚುವುದು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಹತ್ತಿರ ಬಂದದ್ದೆಲ್ಲ ಒಳಗೆ ಹೋಗುವುದಿಲ್ಲ ಅನ್ನುವುದು ಮುಖ್ಯ ಸಂಗತಿ. ಬೇರಿನ ಹೊರಪದರದ ಜೀವಕೋಶಗಳ ಗೋಡೆಗಳ ಸಂದಿಯಲ್ಲಿ ನೀರು, ಲವಣ ಸರಾಗವಾಗಿ ಸ್ವಲ್ಪ ದೂರ ಹೋಗುತ್ತವೆ. ನಡುವಿನ ರಸನಾಳಗಳನ್ನು ಸುತ್ತುವರಿದ ಒಂದು ಪದರ ಇದೆ. ಆ ಪದರದ ಕೋಶಗಳ ಗೋಡೆಯಲ್ಲಿ ನೀರು ದಾಟದ ಒಂದು ಪಟ್ಟಿ ಇರುತ್ತದೆ. ಇದನ್ನು 1865ರಲ್ಲಿ ವಿವರಿಸಿದ ಜರ್ಮನ್ ಸಸ್ಯವಿಜ್ಞಾನಿ ರಾಬರ್ಟ್ ಕ್ಯಾಸ್ಪರಿ ಹೆಸರಿನಿಂದ ಕ್ಯಾಸ್ಪೇರಿಯನ್ ಪಟ್ಟಿ ಅನ್ನುತ್ತಾರೆ. ಅಲ್ಲಿಗೆ ಸಂದಿಯ ದಾರಿ ಮುಗಿಯಿತು. ಮುಂದೆ ಹೋಗಬೇಕಾದರೆ ಜೀವಂತ ಕೋಶದ ಪೊರೆಯನ್ನೇ ದಾಟಬೇಕು. ಆ ಪೊರೆಯಲ್ಲಿ ನೈಟ್ರೇಟಿಗೆ ಬೇರೆ, ಪೊಟ್ಯಾಷಿಗೆ ಬೇರೆ, ರಂಜಕಕ್ಕೆ ಬೇರೆ ಪ್ರೋಟೀನುಗಳಿವೆ. ಯಾವುದು, ಎಷ್ಟು ಒಳಗೆ ಬರಬೇಕು ಅನ್ನುವುದನ್ನು ಅವು ತೀರ್ಮಾನಿಸುತ್ತವೆ.

ಈ ಕೆಲಸ ಪುಕ್ಕಟೆ ಆಗುವುದಿಲ್ಲ. ಮಣ್ಣಿನ ನೀರಿನಲ್ಲಿ ತೀರಾ ತೆಳುವಾಗಿರುವ ರಂಜಕವನ್ನು ಅದಕ್ಕಿಂತ ನೂರಾರು ಪಟ್ಟು ಗಟ್ಟಿಯಾಗಿರುವ ಕೋಶದೊಳಗೆ ಎಳೆದುಕೊಳ್ಳಬೇಕು. ಅದಕ್ಕೆ ಶಕ್ತಿ ಬೇಕು. ಎಲೆ ತಯಾರಿಸಿ ಕೆಳಗೆ ಕಳಿಸಿದ ಸಕ್ಕರೆಯನ್ನು ಬೇರು ಆಮ್ಲಜನಕದ ಜೊತೆ ಸುಟ್ಟು ಆ ಶಕ್ತಿ ಪಡೆಯುತ್ತದೆ. ಆಮ್ಲಜನಕ ಮಣ್ಣಿನ ಸಂದಿಯ ಗಾಳಿಯಿಂದಲೇ ಬರಬೇಕು. ಗಾಳಿ ಇಲ್ಲ ಅಂದರೆ ಸುತ್ತ ಎಷ್ಟೇ ಗೊಬ್ಬರ ಇರಲಿ, ಬೇರು ಉಪವಾಸ.

ಎರೆ ಹೊಲದಲ್ಲಿ ಎರಡು ದಿನ ನೀರು ನಿಂತರೆ ಹತ್ತಿ, ತೊಗರಿ, ಮೆಣಸಿನಕಾಯಿ ಹಳದಿಯಾಗುವುದು ಈ ಕಾರಣಕ್ಕೆ. ಮಣ್ಣಿನಲ್ಲಿ ಸಾರಜನಕ ಮುಗಿದಿದೆ ಅಂತಲ್ಲ. ಬೇರಿಗೆ ಉಸಿರಿಲ್ಲ. ಆ ರಾಡಿಯಲ್ಲೇ ಯೂರಿಯಾ ಚೆಲ್ಲಿದರೆ ಬಹುಪಾಲು ವ್ಯರ್ಥ. ಮೊದಲು ನೀರು ಬಸಿಯಬೇಕು. ಮಣ್ಣು ಹದಕ್ಕೆ ಬಂದ ಮೇಲೆ ಸಾಲುಗಳ ನಡುವೆ ಕುಂಟೆ ಹಾಯಿಸಿ ಎಡೆ ಹೊಡೆಯಬೇಕು. ನಮ್ಮ ಹಿರಿಯರು ಕಳೆ ಇಲ್ಲದಿದ್ದರೂ ಎಡೆ ಹೊಡೆಯುತ್ತಿದ್ದರು. ಬಿರುಕು ಮುಚ್ಚುತ್ತದೆ, ಮಣ್ಣಿಗೆ ಗಾಳಿ ಆಡುತ್ತದೆ ಅಂತ ಅವರಿಗೆ ಗೊತ್ತಿತ್ತು. ಕಳೆನಾಶಕ ಬಂದ ಮೇಲೆ ಎಡೆಕುಂಟೆ ಮೂಲೆ ಸೇರಿತು. ಕಳೆ ಸತ್ತಿತು, ಆದರೆ ಬೇರಿಗೆ ಸಿಗುತ್ತಿದ್ದ ಗಾಳಿಯೂ ಕಡಿಮೆಯಾಯಿತು.

ಹಾಗಾದರೆ ನೆಲ್ಲು ನೀರಲ್ಲೇ ನಿಂತು ಹೇಗೆ ಬದುಕುತ್ತದೆ? ಅದರ ದಂಟು, ಬೇರಿನೊಳಗೆ ಗಾಳಿ ಸಾಗುವ ಟೊಳ್ಳು ದಾರಿಗಳಿವೆ. ಎಲೆಯಿಂದ ಆಮ್ಲಜನಕ ಬೇರಿಗೆ ಇಳಿಯುತ್ತದೆ. ಸ್ವಲ್ಪ ಹೊರಗೂ ಸೋರುತ್ತದೆ. ಆರೋಗ್ಯವಾದ ನೆಲ್ಲಿನ ಬೇರಿನ ಮೇಲೆ ಕೆಂಪು-ಕಂದು ಲೇಪ ಕಾಣುವುದು ಅದಕ್ಕೇ. ಹೊರಗಿನ ಕಬ್ಬಿಣ ಅಲ್ಲಿ ತುಕ್ಕು ಹಿಡಿದಿರುತ್ತದೆ. ಈ ಅನುಕೂಲಕ್ಕೂ ಮಿತಿ ಇದೆ. ಕೊಳೆಯದ ಹುಲ್ಲು, ಬಸಿಯದ ನೀರು, ಸತತ ಎರಡು ಬೆಳೆ ಸೇರಿದರೆ ಕೆಸರಿನಲ್ಲಿ ವಿಷದ ಅನಿಲಗಳು ಹುಟ್ಟುತ್ತವೆ. ಪೈರು ಹಳದಿಯಾದಾಗ ಅಂಗಡಿಗೆ ಹೋಗುವ ಮುಂಚೆ ಒಂದು ಬುಡ ಕಿತ್ತು ನೋಡಿ. ಬೇರು ಬೆಳ್ಳಗೆ ಅಥವಾ ಕೆಂಪಗಿದ್ದರೆ ಬೇರು ಗಟ್ಟಿಯಿದೆ. ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲವು ದಿನ ನೀರು ತೆಗೆದು ಗದ್ದೆ ಆರಿಸಬೇಕು. ಆ ಬೇರಿಗೆ ಯೂರಿಯಾದಿಂದ ಏನೂ ಆಗುವುದಿಲ್ಲ.

ಎರೆ ಮಣ್ಣು ಕೊಡುವುದೂ ಇದೆ, ಬಿಗಿ ಹಿಡಿಯುವುದೂ ಇದೆ

ಕೃಷ್ಣಾ-ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನಲ್ಲಿ, ಆಚೆ ಸಿರುಗುಪ್ಪ, ಕುರುಗೋಡಿನಲ್ಲಿ ಎರೆ ಭೂಮಿ ಹೇರಳ. ಇದರ ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುತ್ ಇರುತ್ತದೆ. ಕ್ಯಾಲ್ಸಿಯಂ, ಪೊಟ್ಯಾಷ್, ಅಮೋನಿಯಂನಂಥ ಧನ ಅಯಾನುಗಳನ್ನು (ಧನ ವಿದ್ಯುತ್ ಇರುವ ಕಣಗಳನ್ನು) ಅದು ಹಿಡಿದಿಟ್ಟುಕೊಳ್ಳುತ್ತದೆ. ಬೇರು ಆಮ್ಲದ ಅಯಾನುಗಳನ್ನು ಹೊರಗೆ ಬಿಟ್ಟು ಇವನ್ನು ಬಿಡಿಸಿಕೊಳ್ಳುತ್ತದೆ. ಮಸಾರಿ (ಕೆಂಪು) ಮಣ್ಣಿಗೆ ಇಷ್ಟು ಹಿಡಿತ ಇಲ್ಲ. ಅಲ್ಲಿ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಬೇಕು. ಇಲ್ಲದಿದ್ದರೆ ಮಳೆ ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ.

ಎರೆಯ ತೊಂದರೆ ಬೇರೆ. ಗುದ್ದಲಿ ಹಾಕಿದಾಗ ಬಿಳಿ ಸುಣ್ಣದ ಹರಳುಗಳು ಸಿಗುತ್ತವಲ್ಲ, ಅದೇ ಅದರ ಗುರುತು. ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 8ರ ಮೇಲಿರುವುದು ಇಲ್ಲಿ ಸಾಮಾನ್ಯ. ಅಂಥ ಮಣ್ಣಿನಲ್ಲಿ ಹಾಕಿದ ರಂಜಕ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆ ಹಂಗಾಮಿನ ಬೆಳೆಗೆ ಸಿಗುವುದು ಹಾಕಿದ್ದರಲ್ಲಿ 15ರಿಂದ 20 ಭಾಗ. ಉಳಿದದ್ದು ಮಣ್ಣಲ್ಲೇ ಕೂಡಿಬೀಳುತ್ತದೆ. ಕಬ್ಬಿಣ, ಜಿಂಕು ಮಣ್ಣಲ್ಲಿದ್ದರೂ ಕರಗುವುದಿಲ್ಲ.

ನೆಲ್ಲಿನಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಬಿದ್ದು ಪೈರು ಕುಳ್ಳಗೆ ಉಳಿಯುವ ರೋಗಕ್ಕೆ ಖೈರಾ ಅಂತ ಹೆಸರು. 1960ರ ದಶಕದಲ್ಲಿ ಪಂತನಗರದಲ್ಲಿ ವಿಜ್ಞಾನಿ ವೈ. ಎಲ್. ನೆನೆ ಇದಕ್ಕೆ ಕಾರಣ ರೋಗಾಣು ಅಲ್ಲ, ಜಿಂಕಿನ ಕೊರತೆ ಅಂತ ತೋರಿಸಿದರು. ನೀರು ನಿಂತಾಗ ಜಿಂಕು ಇನ್ನೂ ಕಡಿಮೆ ಸಿಗುತ್ತದೆ. ವರ್ಷ ವರ್ಷ ಡಿಎಪಿ ಸುರಿದು ರಂಜಕ ಕೂಡಿಬಿದ್ದ ಗದ್ದೆಯಲ್ಲಂತೂ ಜಾಸ್ತಿ ತೊಂದರೆ. ರಂಜಕ ಜಾಸ್ತಿಯಾದಷ್ಟೂ ಪೈರಿಗೆ ಜಿಂಕು ಒಗ್ಗುವುದು ಕಡಿಮೆ. ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಿ ಹಾಕಬಾರದು ಅನ್ನುವುದು ಇದಕ್ಕೇ.

ಬಣ್ಣಗೆಟ್ಟ ಎಲೆ ಯಾವುದು ಅನ್ನುವುದು ದೊಡ್ಡ ಸುಳಿವು. ಸಾರಜನಕ, ರಂಜಕ, ಪೊಟ್ಯಾಷ್ ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಆದ್ದರಿಂದ ಕೆಳಗಿನ ಎಲೆ ಮೊದಲು ಬಣ್ಣಗೆಡುತ್ತದೆ, ಸಾರಜನಕ ಕಡಿಮೆಯಾದರೆ ಹಳದಿ. ಕಬ್ಬಿಣ ಹಾಗೆ ಓಡಾಡುವುದಿಲ್ಲ. ಅದು ಕಡಿಮೆಯಾದರೆ ಸುಳಿ, ಕುಡಿ ಎಲೆ ಬೆಳ್ಳಗಾಗುತ್ತದೆ, ನರ ಮಾತ್ರ ಹಸಿರು. ಸುಣ್ಣದ ಮಣ್ಣಿನ ಶೇಂಗಾದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಗಂಧಕ ಕಡಿಮೆಯಾದರೂ ಮೊದಲು ಬಣ್ಣಗೆಡುವುದು ಕುಡಿಯೇ, ಆದರೆ ಎಲೆಯೆಲ್ಲ ಒಂದೇ ಸಮ ಹಳದಿ. ಸಾರಜನಕ, ಕಬ್ಬಿಣ, ಗಂಧಕ ಈ ಮೂರರ ಹಳದಿಗೂ ಯೂರಿಯಾ ಹಾಕಿದರೆ ಸಾರಜನಕದ್ದಕ್ಕೆ ಮಾತ್ರ ಕೆಲಸ ಮಾಡುತ್ತದೆ.

ಎಲ್ಲ ಬೆಳೆಯೂ ಎರೆಗೆ ಸೋಲುವುದಿಲ್ಲ. ಚಳಿಗಾಲದಲ್ಲಿ ಕಡಲೆ ಹೊಲದಲ್ಲಿ ಬೆಳಗ್ಗೆ ಬಟ್ಟೆ ಹಾಸಿ ಹುಳಿ ಹಿಡಿಯುವುದು ಈ ಸೀಮೆಯ ಹಿರಿಯರಿಗೆ ಗೊತ್ತು. ಎಲೆಯ ಮೇಲಿನ ಸಣ್ಣ ರೋಮಗಳು ಆಮ್ಲ ಸುರಿಸುತ್ತವೆ. ಮಣ್ಣಿನ ಕೆಳಗೆ ಕಡಲೆ ಬೇರು ಕೂಡ ಆಮ್ಲ ಬಿಡುತ್ತದೆ. ಆ ಆಮ್ಲ ಸುಣ್ಣಕ್ಕೆ ಕಟ್ಟಿಬಿದ್ದ ರಂಜಕವನ್ನು ಬಿಡಿಸುತ್ತದೆ. ತೊಗರಿ ಬೇರು ಇನ್ನೊಂದು ಬಗೆಯ ಆಮ್ಲ ಬಿಟ್ಟು ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿದ ರಂಜಕವನ್ನು ತೆಗೆಯುತ್ತದೆ. ಜೊತೆಗೆ ಎರಡರ ಬೇರಲ್ಲೂ ಗಂಟುಗಳಿವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಅಂತ ಅರ್ಥ. ಎರೆಗೆ ಕಡಲೆ-ಜೋಳ, ಮಸಾರಿಗೆ ತೊಗರಿ ಅಂತ ಹಿಂದಿನವರು ಹಿಡಿದ ಲೆಕ್ಕಕ್ಕೆ ಇಂಥ ಬಲವಾದ ಕಾರಣಗಳಿದ್ದವು. ಕಾಲುವೆ ನೀರು ಬಂದಲ್ಲೆಲ್ಲ ನೆಲ್ಲಿನ ಮೇಲೆ ನೆಲ್ಲು ಬಂದು ಈ ಸರದಿ ಮುರಿದುಬಿತ್ತು.

ಚೀಲದ ಲೆಕ್ಕ, ಸಬ್ಸಿಡಿಯ ಲೆಕ್ಕ

45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸಾರಜನಕ 46 ಭಾಗ, ಅಂದರೆ 20.7 ಕಿಲೋ. ನೀರು ನಿಂತ ನೆಲ್ಲಿನ ಗದ್ದೆಯಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ 30ರಿಂದ 40 ಭಾಗ. ಅಂದರೆ 7 ಕಿಲೋ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು? ಮಣ್ಣಿನಲ್ಲಿ ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಗದ್ದೆಯ ನೀರಿನ ಪಾಚಿ ಹಗಲಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿದಂತೆ ನೀರಿನ ಪಿಎಚ್ ಮಧ್ಯಾಹ್ನಕ್ಕೆ ಏರುತ್ತದೆ. ಕ್ಷಾರ ಮಣ್ಣಿನಲ್ಲಿ ಅದು ಇನ್ನೂ ಜೋರು. ಆಗ ಅಮೋನಿಯಾ ಗಾಳಿಗೆ ಹಾರುತ್ತದೆ. ಒಂದಿಷ್ಟು ನೈಟ್ರೇಟ್ ಆಗಿ, ಗಾಳಿಯಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳ ಬಾಯಿಗೆ ಸಿಕ್ಕು, ಮತ್ತೆ ಸಾರಜನಕ ಅನಿಲವಾಗಿ ಹೋಗುತ್ತದೆ. ತುಂಬಿ ನಿಂತ ನೀರಿಗೆ ಯೂರಿಯಾ ಎರಚುವ ಬದಲು ನೀರು ಬಸಿದು, ಕೆಸರಿನ ಮೇಲೆ ಎರಚಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಬೇಕು ಅಂತ ಹೇಳುವುದು ಇದೇ ನಷ್ಟ ತಪ್ಪಿಸಲು. ಮರಿ ಒಡೆಯುವಾಗ, ತೆನೆ ಕಟ್ಟುವಾಗ ಬೇರೆ ಬೇರೆಯಾಗಿ ಕೊಡುವುದೂ ಅದಕ್ಕೇ.

ಜಾಸ್ತಿ ದಕ್ಕಿದರೂ ಒಳ್ಳೆಯದಲ್ಲ. ಸಾರಜನಕ ಮಿತಿಮೀರಿದಾಗ ಎಲೆ ಕಡು ಹಸಿರಾಗಿ ಮೆತ್ತಗಾಗುತ್ತದೆ, ದಂಟು ಬೀಳುತ್ತದೆ. ಕಂದು ಜಿಗಿಹುಳು, ಬೆಂಕಿ ರೋಗ ಅಂಥ ಗದ್ದೆಗೇ ಮೊದಲು ಬರುತ್ತವೆ. ಅಲ್ಲಿಗೆ ಕೀಟನಾಶಕದ ಖರ್ಚೂ ಶುರು.

ಇದಕ್ಕೆಲ್ಲ ರೈತರನ್ನು ಬೈಯುವವರು ಒಂದು ಮಾತು ನೆನಪಿಡಬೇಕು. ಯೂರಿಯಾ ಚೀಲದ ಬೆಲೆ ₹266.50. ಡಿಎಪಿ ಚೀಲಕ್ಕೆ ₹1,350. 2010ರಲ್ಲಿ ಕೇಂದ್ರ ಸರ್ಕಾರ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಾಗ ರಂಜಕ, ಪೊಟ್ಯಾಷ್ ಗೊಬ್ಬರಗಳನ್ನು ಅದರೊಳಗೆ ಸೇರಿಸಿ ಯೂರಿಯಾವನ್ನು ಹೊರಗೆ ಬಿಟ್ಟಿತು. ಮಿಕ್ಕವುಗಳ ಬೆಲೆ ಏರಿತು, ಯೂರಿಯಾ ನಿಂತಲ್ಲೇ ನಿಂತಿತು. ಅಗ್ಗ, ಐದಾರು ದಿನದಲ್ಲಿ ಬಣ್ಣ ತೋರಿಸುತ್ತದೆ. ಸಾಲ ಮಾಡಿ ಲಾವಣಿ (ಗುತ್ತಿಗೆ) ಹೊಲ ಮಾಡುವವರು ಇನ್ನೇನು ಆರಿಸಿಕೊಳ್ಳಬೇಕು? ಒಂದೇ ಪೋಷಕಾಂಶವನ್ನು ಅಗ್ಗ ಮಾಡಿಟ್ಟ ನೀತಿಯೇ ಈ ಅಸಮತೋಲನಕ್ಕೆ ದೊಡ್ಡ ಕಾರಣ ಅಂತ ನನಗನಿಸುತ್ತದೆ. 2015ರಲ್ಲಿ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾಯಿತು. ಅದು ನಷ್ಟವನ್ನು ಸ್ವಲ್ಪ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

2021ರಲ್ಲಿ ಬಂದ ನ್ಯಾನೋ ಯೂರಿಯಾ (ಎಲೆಗೆ ಸಿಂಪಡಿಸುವ ದ್ರವ) ಬಗ್ಗೆಯೂ ಬೇರು-ಎಲೆ ರಚನೆ ಇಟ್ಟುಕೊಂಡೇ ಯೋಚಿಸಬೇಕು. ಮೊದಲ ಮಾದರಿಯ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ 4 ಭಾಗ, ಅಂದರೆ 20 ಗ್ರಾಂ. ಆಮೇಲೆ ಬಂದದ್ದರಲ್ಲಿ ಜಾಸ್ತಿ ಇದೆ, ಆದರೂ ಲೆಕ್ಕ ಗ್ರಾಂಗಳಲ್ಲೇ. ಚೀಲದಲ್ಲಿರುವುದು 20 ಕಿಲೋ. ಎಲೆಯ ಮೇಲೆ ಮೇಣದ ಪದರ ಇದೆ. ಅದನ್ನು ದಾಟಿ ಸ್ವಲ್ಪ ಒಳಗೆ ಹೋಗುತ್ತದೆ ನಿಜ. ಜಿಂಕು, ಕಬ್ಬಿಣದಂಥ ಮಿಲಿಗ್ರಾಂ ಲೆಕ್ಕದವಕ್ಕೆ ಎಲೆಗೆ ಸಿಂಪಡಿಸುವುದು ಒಳ್ಳೇ ದಾರಿ. ಕಿಲೋ ಲೆಕ್ಕದಲ್ಲಿ ಬೇಕಾದ ಸಾರಜನಕಕ್ಕೆ ಬೇರಿನ ದಾರಿಯೇ ಬೇಕು. ಒಂದು ಬಾಟಲಿ ಒಂದು ಚೀಲಕ್ಕೆ ಸಮ ಅಂತ ಹೇಳಿ ರೈತರ ಕೈಗೆ ಕೊಡುವುದು ಸರಿಯಲ್ಲ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಒಳ್ಳೇ ಯೋಜನೆ. ಅದು 12 ಅಂಶ ಹೇಳುತ್ತದೆ. ಪಿಎಚ್, ಲವಣಾಂಶ, ಸಾವಯವ ಇಂಗಾಲ, ಜಿಂಕು, ಬೋರಾನ್ ಎಲ್ಲ ಇದೆ. ಆದರೆ ಮೊದಲ ಸುತ್ತುಗಳಲ್ಲಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆದದ್ದು. ಒಂದೇ ಗದ್ದೆಯ ಈ ಬದು ಸವಳು (ಉಪ್ಪು ಮೆತ್ತಿದ ಮಣ್ಣು), ಆ ಬದು ಚೆಂದ ಇರುವ ಈ ಸೀಮೆಗೆ ಆ ಲೆಕ್ಕ ಸಾಲದು. ಸ್ವಂತ ಹೊಲದ ಸವಳು ಜಾಗದ ಮಣ್ಣನ್ನು ಬೇರೆ, ಒಳ್ಳೇ ಜಾಗದ್ದನ್ನು ಬೇರೆ ತೆಗೆದು ಪರೀಕ್ಷೆ ಮಾಡಿಸಬೇಕು. ಸಾವಯವ ಇಂಗಾಲ ಅರ್ಧ ಪರ್ಸೆಂಟಿಗಿಂತ ಕಡಿಮೆ ಬಂದರೆ, ಜಿಂಕು 0.6 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ ಇಷ್ಟು ಭಾಗ ಅನ್ನುವ ಅಳತೆ) ಕಡಿಮೆ ಬಂದರೆ, ಅದು ಯೂರಿಯಾದಿಂದ ತುಂಬುವ ಕೊರತೆ ಅಲ್ಲ.

ಸವಳು: ನೀರಿದ್ದೂ ಬಾಯಾರಿಕೆ

ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿದದ್ದು 1953ರಿಂದ. ಯೋಜನೆಯ ಬಹುಪಾಲು ಪ್ರದೇಶ ಅರೆ ನೀರಾವರಿಗೆ, ಅಂದರೆ ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಮೀಸಲು. ಆದರೆ ಮೇಲ್ಭಾಗದಲ್ಲಿ ನೆಲ್ಲು ಬಂತು, ಎರಡು ಬೆಳೆ ಬಂತು. ಕೆಳಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಇವತ್ತೂ ನೀರಿಗೆ ಕಾಯುತ್ತಾರೆ. ಮೇಲ್ಭಾಗದವರಿಗೆ ನೀರು ಜಾಸ್ತಿಯಾಗಿ ಸವಳು ಬಂತು. ಒಂದೇ ಕಾಲುವೆ ಇಬ್ಬರನ್ನೂ ಬೇರೆ ಬೇರೆ ರೀತಿ ಕಷ್ಟಕ್ಕೆ ನೂಕಿದೆ.

ಎರೆಯೊಳಗೆ ನೀರು ಬೇಗ ಇಳಿಯುವುದಿಲ್ಲ. ಕಾಲುವೆ ಜಿನುಗು, ಗದ್ದೆ ನೀರು ಸೇರಿ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ಆ ನೀರು ಮಣ್ಣಿನ ಸಂದಿಗಳಲ್ಲಿ ಹತ್ತಿ ಬಂದು ಆವಿಯಾಗುತ್ತದೆ. ಉಪ್ಪು ಮೇಲೆ ಉಳಿಯುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಹೋಳಿನ ನೀರೆಲ್ಲ ಹೊರಗೆ ಬರುತ್ತದಲ್ಲ, ಸವಳು ಮಣ್ಣಿನಲ್ಲಿ ಬೇರಿನ ಪಾಡು ಅದೇ. ಸುತ್ತ ನೀರಿದ್ದರೂ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಸೋಡಿಯಂ ಜಾಸ್ತಿ ಇದ್ದರೆ ಪೊಟ್ಯಾಷ್ ಹೋಗುವ ದಾರಿಯಲ್ಲೇ ಅದೂ ನುಗ್ಗುತ್ತದೆ. ಮೇಲೆ ಹಾಕಿದ ಗೊಬ್ಬರವೂ ಲವಣವೇ ಅನ್ನುವುದನ್ನು ಮರೆಯಬಾರದು. ಸವಳು ಜಾಗದಲ್ಲಿ ಪೈರು ಸೊರಗಿದೆ ಅಂತ ಇನ್ನೊಂದು ಬೊಗಸೆ ಎರಚಿದರೆ ಬೇರಿನ ಕಷ್ಟ ಹೆಚ್ಚುತ್ತದೆ.

ಇನ್ನೂ ಕೆಟ್ಟದ್ದು ಸೋಡಿಯಂ ತುಂಬಿದ ಕ್ಷಾರ ಮಣ್ಣು. ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸಿ ಸಂದಿಗಳನ್ನು ಮುಚ್ಚಿಬಿಡುತ್ತದೆ. ನೀರೂ ಇಳಿಯದು, ಗಾಳಿಯೂ ಆಡದು. ಇದಕ್ಕೆ ಜಿಪ್ಸಂ ಹಾಕುತ್ತಾರೆ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಜಾಗ ಹಿಡಿಯುತ್ತದೆ. ಹೊರಬಿದ್ದ ಸೋಡಿಯಂ ನೀರಿನ ಜೊತೆ ಹೊಲದಿಂದ ಆಚೆ ಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಅದು ಅಲ್ಲೇ ಸುತ್ತುತ್ತದೆ, ಜಿಪ್ಸಂ ಹಾಕಿದ್ದು ಅರ್ಧ ಕೆಲಸ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು-ಜವಳು (ಉಪ್ಪು ಮೆತ್ತಿದ, ನೀರು ನಿಲ್ಲುವ) ಭೂಮಿಯ ಮೇಲೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ. ಹೊಲದ ಅಡಿಯಲ್ಲಿ ತೂತಿನ ಪೈಪ್ ಹಾಕಿ ಬಸಿಯುವ ವಿಧಾನವೂ ಗೊತ್ತಿರುವುದೇ.

ಸವಳಿನಲ್ಲಿ ನೆಲ್ಲು ಬಿಟ್ಟು ಬೇರೇನೂ ಬರುವುದಿಲ್ಲ ಅಂತ ರೈತರು ಹೇಳುತ್ತಾರೆ. ಅದರಲ್ಲಿ ಸತ್ಯ ಇದೆ. ನಿಂತ ನೀರು ಉಪ್ಪನ್ನು ಬೇರಿನಿಂದ ಕೆಳಗೆ ತಳ್ಳುತ್ತದೆ. ಆದರೆ ಬಸಿಯುವ ದಾರಿ ಇಲ್ಲದೆ ಅದೇ ನೀರು ಅಂತರ್ಜಲವನ್ನು ಇನ್ನಷ್ಟು ಏರಿಸುತ್ತದೆ. ಮುಂದಿನ ಬೇಸಿಗೆಗೆ ಉಪ್ಪು ಮತ್ತೆ ಮೇಲೆ, ಪಕ್ಕದ ಹೊಲಕ್ಕೂ. ನೆಲ್ಲು ಬಿಡಿ ಅಂತ ಬರೀ ಭಾಷಣ ಮಾಡಿದರೆ ಪ್ರಯೋಜನ ಇಲ್ಲ. ಬಸಿಯುವ ವ್ಯವಸ್ಥೆ ಕೊಟ್ಟು, ಜೋಳ-ಕಡಲೆಗೆ ಖರೀದಿ ಭರವಸೆ ಕೊಟ್ಟು ಆಮೇಲೆ ಕೇಳಬೇಕು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದ ತೀರ್ಮಾನವಾಯಿತು. ರೈತರಿಗೆ ಅದು ದೊಡ್ಡ ಹೊಡೆತ, ಕೂಲಿಯವರಿಗೆ ಇನ್ನೂ ದೊಡ್ಡದು. ಹೀಗೆ ಹೊಲ ಖಾಲಿ ಬಿದ್ದಾಗ ಮಣ್ಣಿಗೆ ಒಂದಿಷ್ಟು ಕೆಲಸ ಮಾಡಲು ಸಾಧ್ಯ. ಎರೆಯಲ್ಲಿ ಉಳಿದ ಹಸಿಗೆ ಕಡಲೆ ಬಿತ್ತಬಹುದು. ಮಾಗಿ ಉಳುಮೆ ಮಾಡಿದರೆ ಉಪ್ಪು ಏರುವ ಸಂದಿಗಳು ಮುರಿಯುತ್ತವೆ. ಕೊಯ್ದ ಹುಲ್ಲನ್ನು ಸುಡದೆ ಮಣ್ಣಿಗೆ ಹಾಕಬೇಕು. ನೆಲ್ಲು ಹೀರಿದ ಪೊಟ್ಯಾಷಿನ ಬಹುಪಾಲು ಹುಲ್ಲಿನಲ್ಲೇ ಇರುತ್ತದೆ. ಸುಟ್ಟರೆ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಮುಂಗಾರಿನ ಮೊದಲ ಮಳೆಗೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಅಥವಾ ಡಯಾಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು.

ಆದರೆ ಬಸಿಗಾಲುವೆ ಒಬ್ಬರಿಂದ ಆಗುವ ಕೆಲಸ ಅಲ್ಲ. ಮೇಲಿನ ಹೊಲದ ನೀರು ಕೆಳಗಿನವರ ಹೊಲ ದಾಟಿ ಹಳ್ಳ ಸೇರಬೇಕು. ಹಲವು ಕಡೆ ಹಳ್ಳಗಳೇ ಒತ್ತುವರಿಯಾಗಿವೆ, ಹೂಳು, ಜಾಲಿ ತುಂಬಿವೆ. ಯೂರಿಯಾ ಚೀಲದ ಒಂದೊಂದರ ಮೇಲೂ ಸರ್ಕಾರ ಅದರ ಮಾರಾಟ ಬೆಲೆಯ ಹಲವು ಪಟ್ಟು ಸಬ್ಸಿಡಿ ಕೊಡುತ್ತಿದೆ. ಆ ದುಡ್ಡಿನ ಒಂದು ಪಾಲು ಹಳ್ಳದ ಹೂಳು ತೆಗೆಯಲು, ಜಿಪ್ಸಂಗೆ, ಜಿಂಕಿಗೆ, ಮಣ್ಣು ಪರೀಕ್ಷೆಗೆ ಬರಬೇಕು ಅಂತ ಈ ಮೂರು ಜಿಲ್ಲೆಯ ರೈತ ಸಂಘಟನೆಗಳು ಕೇಳಬೇಕು. ಯೂರಿಯಾ ಬೇಡಿಕೆ ಇಟ್ಟ ಅದೇ ಮನವಿ ಪತ್ರದಲ್ಲಿ, ಗೇಟು ಕೆಲಸ ಮುಗಿದು ಕಾಲುವೆಗೆ ಮೊದಲ ನೀರು ಬರುವ ಮುಂಚೆಯೇ ಇದನ್ನೂ ಬರೆಯಬೇಕು. ಆ ಮೊದಲ ನೀರನ್ನು ಗದ್ದೆಯಲ್ಲಿ ಕಟ್ಟಿ, ಉಪ್ಪು ಕರಗಿಸಿ, ಹೊರಗೆ ಹರಿಸಿ ಆಮೇಲೆ ನೆಲ್ಲು ಹಚ್ಚಬೇಕಾದರೆ ಅಷ್ಟರೊಳಗೆ ಹಳ್ಳದ ಬಾಯಿ ತೆರೆದಿರಬೇಕು.